ಮಕ್ಕಳು ಅಷ್ಟು ಬೇಗ ಮರೆಯುವುದಿಲ್ಲ
'ವರ್ಗಾವಣೆಯಾದರೆ ಮಕ್ಕಳಿಗೇನೂ ತೊಂದರೆಯಿಲ್ಲ, ತಿಂಗಳೊಳಗೆ ಹೊಸ ಗೆಳೆಯರು ಸಿಗುತ್ತಾರೆ' ಎಂದು ಬರೆದಿದ್ದೀರಿ. ಒಪ್ಪಲಾರೆ. ನಾಲ್ಕನೇ ತರಗತಿಯಲ್ಲಿ ಶಿರಸಿಯಿಂದ ರಾಯಚೂರಿಗೆ ಹೋದಾಗ ನನ್ನ ಮಾತಿನ ಧಾಟಿಯೇ ಅಲ್ಲಿನ ಮಕ್ಕಳಿಗೆ ಬೇರೆ ಅನಿಸಿತು. ಅರ್ಧ ವರ್ಷ ಲಗೋರಿಗೆ ಯಾರೂ ಕರೆಯಲಿಲ್ಲ. ಕೊನೆಗೆ ಕರೆದದ್ದು ಪಕ್ಕದ ಮನೆಯ ಹುಡುಗಿ, ಅದೂ ಒಬ್ಬರು ಕಡಿಮೆ ಬಿದ್ದಿದ್ದಕ್ಕೆ.

ಶಿರಸಿಯ ಗೆಳತಿ ಇಂದಿಗೂ ಉಳಿದಿದ್ದರೆ ಅದು ಅಮ್ಮನಿಂದ. ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟು, ವಿಳಾಸ ತಾನೇ ಬರೆಯುತ್ತಿದ್ದಳು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ತಪ್ಪದೆ ಕರೆದೊಯ್ಯುತ್ತಿದ್ದಳು. ಒಂಬತ್ತು ವರ್ಷದ ಮಗು ತಾನಾಗಿಯೇ ಬಸ್ ಹತ್ತಿ ಗೆಳತಿಯನ್ನು ನೋಡಿಬರಲು ಆಗುತ್ತದೆಯೇ? ಈಗಂತೂ ಮನೆಮನೆಯಲ್ಲಿ ಫೋನಿದೆ. ಊರು ಬಿಡುವ ಮುಂಚೆ ಮಗುವಿನ ಗೆಳೆಯರ ಮನೆಯ ನಂಬರ್ ಬರೆದಿಟ್ಟುಕೊಳ್ಳಿ, ಭಾನುವಾರ ಹತ್ತು ನಿಮಿಷ ಮಾತಾಡಿಸಿ.