ಹೊಸ ಶೂ ಬೇಡ, ಇಳಿಜಾರಿನ ಅಭ್ಯಾಸ ಬೇಕು

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಸಲಹೆ ಕೊಡುವ ನಿಮ್ಮ ಲೇಖನ ಚೆನ್ನಾಗಿದೆ. ಆದರೆ 'ಹೊರಡುವ ವಾರ ಹೊಸ ಶೂ ಕೊಳ್ಳಿ' ಎಂದಿರುವುದನ್ನು ದಯವಿಟ್ಟು ತಿದ್ದಿ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಬೆಂಗಳೂರಿನಿಂದ ಹೊರಟು ಕುಣಿಗಲ್ ದಾಟುವಷ್ಟರಲ್ಲಿ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಎರಡು ತಿಂಗಳು ಹಾಕಿ ಪಳಗಿದ ಶೂ ಇರಲಿ, ಸಾಕ್ಸ್ ಮೂರು ನಾಲ್ಕು ಜೊತೆ ಇರಲಿ.

ಭಾನುವಾರ ಒಂದೇ ದಿನ 25 ಕಿ.ಮೀ. ನಡೆದರೆ ಅಭ್ಯಾಸ ಆಗಲ್ಲ. ಶನಿವಾರವೂ ನಡೆದು, ನೋವಿರುವ ಕಾಲಲ್ಲೇ ಭಾನುವಾರ ಮತ್ತೆ ನಡೆಯಬೇಕು. ದಾರಿ ಸುಮಾರು 300 ಕಿ.ಮೀ., ಎರಡನೇ ದಿನವೇ ನಿಜವಾದ ಪರೀಕ್ಷೆ ಅಲ್ವಾ?

ಇನ್ನು ಚಾರ್ಮಾಡಿ ಘಾಟಿ. ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ನಮಗೆ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರದಿಂದ ಮುಂದೆ ಇರುವುದು ಇಳಿಜಾರು! ಮಂಡಿ ನೋಯುತ್ತದೆ, ಬೆರಳು ಶೂ ಮುಂಭಾಗಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಉಗುರು ಕತ್ತರಿಸಿಕೊಳ್ಳಿ. ಊರಲ್ಲೇ ಮೆಟ್ಟಿಲು ಇಳಿದು ರೂಢಿ ಮಾಡಿಕೊಳ್ಳಿ.

ಬಿಸಿಲಿಗೆ ಮುಂಚೆ ನಡೆಯಬೇಕೆಂದು ನಾವು ಬೆಳಗಿನ ಜಾವ ಮೂರಕ್ಕೇ ಹೊರಡುತ್ತೇವೆ. ಕತ್ತಲಲ್ಲಿ ಲಾರಿಯವರಿಗೆ ಕಾಣುವಂತೆ ಹೊಳೆಯುವ ಪಟ್ಟಿಯ ಜಾಕೆಟ್ ಎಲ್ಲರಿಗೂ ಬೇಕೇ ಬೇಕು. ತಂಡದಲ್ಲಿ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಹಿಂದೆ ಉಳಿದರೆ ಅವರು ಸುಮ್ನೆ ಓಡಿ ಸುಸ್ತಾಗುತ್ತಾರೆ.