ಹನ್ನೆರಡು ಪಟ್ಟಿನ ಬಿಗುಮಾನ

ಗುರಿಯಿಡುವ ದುರ್ಬೀನಾದ ಹೊಸ ಸ್ಕೋಪನ್ನು ರೈಫಲ್ಲಿಗೆ ಕೂರಿಸಿಕೊಂಡು ಇಲ್ಲಿಯ ಶೂಟಿಂಗ್ ರೇಂಜಿಗೆ ಹೋದ ದಿನ, ಅದು 12 ಪಟ್ಟು ಹಿಗ್ಗಿಸಿ ತೋರಿಸುತ್ತದೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದ ಹಿರಿಯರು ಖಾಲಿ ರೈಫಲನ್ನು ಮರಳುಚೀಲದ ಮೇಲೆ ಅಲುಗದಂತೆ ಇರಿಸಿ, ಅದನ್ನು ಮುಟ್ಟದೆ ತಲೆಯನ್ನಷ್ಟೇ ಅತ್ತಿತ್ತ ಸರಿಸಿ ನೋಡಿರೆಂದರು. 50 ಮೀಟರ್ ದೂರದ ಗುರಿಹಲಗೆಯ ಮೇಲೆ ಸ್ಕೋಪಿನೊಳಗಿನ ಗುರಿಗೆರೆ, ಅಂದರೆ ಕ್ರಾಸ್‌ಹೇರ್ ನನ್ನ ತಲೆಯ ಜೊತೆಗೇ ತೇಲಾಡಿತು. ಪ್ಯಾರಲಾಕ್ಸ್ ಎಂಬ ಈ ದೋಷವನ್ನು ದೂರಕ್ಕೆ ತಕ್ಕಂತೆ ಸರಿಪಡಿಸುವ ತಿರುಗಣೆ ನನ್ನ ಸ್ಕೋಪಿಗೆ ಇರಲೇ ಇಲ್ಲ. ಅದನ್ನು 100 ಗಜಕ್ಕೆ ಕಾಯಂ ಮಾಡಲಾಗಿತ್ತು.

ಊರಿನ ನಮ್ಮವರಲ್ಲಿ ಸ್ಕೋಪಿನ ಮಾತು ಬಂದರೆ ಮೊದಲ ಪ್ರಶ್ನೆ 'ಎಷ್ಟು ಪಟ್ಟು?' ಎಂಬುದೇ. ಈ ರೇಂಜಿನವರು ಕೇಳುವುದು 'ಕ್ಲಿಕ್ಕುಗಳನ್ನು ನಂಬಬಹುದೇ?' ಎಂದು. ಕ್ಲಿಕ್ ಎಂದರೆ ಟರೆಟ್ ಎಂಬ ಗುರಿ ಹೊಂದಿಸುವ ತಿರುಗಣೆಯ ಒಂದೊಂದು ಹೆಜ್ಜೆ; ಎಂಓಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. ಕಾಲು ಎಂಓಎ ಕ್ಲಿಕ್ ಎಂದರೆ 100 ಮೀಟರಿನಲ್ಲಿ ಗುಂಡು ಸುಮಾರು 7 ಮಿಲಿಮೀಟರ್ ಸರಿಯಬೇಕು, 50ರಲ್ಲಿ ಅದರ ಅರ್ಧ. ಟರೆಟ್ಟನ್ನು 20 ಕ್ಲಿಕ್ ಮೇಲಕ್ಕೆ, ಅಷ್ಟೇ ಬಲಕ್ಕೆ, ಕೆಳಕ್ಕೆ, ಎಡಕ್ಕೆ ತಿರುಗಿಸುತ್ತ ಚೌಕದ ನಾಲ್ಕೂ ಮೂಲೆಗೆ ಹೊಡೆದು, ಕೊನೆಯ ಗುಂಡು ಹೊರಟ ಜಾಗಕ್ಕೇ ಮರಳಿದರೆ ಮಾತ್ರ ಆ ಸ್ಕೋಪಿಗೆ ಇವರ ಮರ್ಯಾದೆ. ಅಗ್ಗದ ಸ್ಕೋಪುಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ, ಗಾಜಿನಲ್ಲಲ್ಲ. ಪಟ್ಟು ಹೆಚ್ಚಿದಷ್ಟೂ ಕಣ್ಣಿಗೆ ಬರುವ ಬೆಳಕಿನ ಕಿಂಡಿ ಕಿರಿದಾಗುತ್ತದೆಂಬ ಸರಳ ಲೆಕ್ಕವೂ ನನಗೆ ಹೊಳೆದಿರಲಿಲ್ಲ: 40 ಮಿಲಿಮೀಟರಿನ ಮುಂಗಾಜಿಗೆ 9 ಪಟ್ಟಿನಲ್ಲಿ ಆ ಕಿಂಡಿ 4.4 ಮಿಲಿಮೀಟರ್, 24ರಲ್ಲಿ ಬರೀ 1.7. ಅದರ ಮೇಲೆ ಬಿಸಿಲಿನ ಝಳವನ್ನೂ ಎದೆಬಡಿತವನ್ನೂ ಅಷ್ಟೇ ಪಟ್ಟು ದೊಡ್ಡದಾಗಿ ನೋಡುವ ಸಂಭ್ರಮ ಬೇರೆ.

ಅಂಕಿಗೆ ಮರುಳಾಗುವ ನಮ್ಮವರ ಮೇಲೆ ಆ ವಾರವೆಲ್ಲ ನನಗೆ ಸಿಟ್ಟಿತ್ತು. ಆದರೆ ಕೊಳ್ಳುವ ಮೊದಲು ನಾಲ್ಕು ಸ್ಕೋಪುಗಳಲ್ಲಿ ಕಣ್ಣಿಟ್ಟು ನೋಡುವ ಅವಕಾಶ ಇಲ್ಲಿಯವರಿಗುಂಟು. ಅದಿಲ್ಲದವನಿಗೆ ಡಬ್ಬಿಯ ಮೇಲಿನ ಅಂಕಿಯಲ್ಲದೆ ಬೇರೆ ಆಧಾರವೇನಿದೆ ಎಂಬುದನ್ನು ಒಪ್ಪಲೇಬೇಕು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅನುಮತಿಯಿಲ್ಲ. ಅದೇ ದಾರಿಯಲ್ಲಿ ನಡೆದ ನಮ್ಮ ತರಬೇತುದಾರರು ಸಣ್ಣ ತೂತಿನ ಮೂಲಕ ಗುರಿ ನೋಡುವ ಪೀಪ್ ಸೈಟಿನ ಹಿಂದೆ ಪ್ರತಿ ಗುಂಡಿಗೂ ಕೆನ್ನೆಯನ್ನು ಒಂದೇ ಜಾಗಕ್ಕೆ ಒತ್ತಿಸಿ ಒತ್ತಿಸಿ ನಮ್ಮನ್ನು ಬೇಸರಗೊಳಿಸಿದ್ದರು. ಕಣ್ಣು ಸ್ಕೋಪಿನ ನಡುಗೆರೆಯಲ್ಲಿಯೇ ನಿಂತರೆ ಪ್ಯಾರಲಾಕ್ಸ್ ಏನೂ ಮಾಡಲಾರದು. ಪಟ್ಟನ್ನು 8ಕ್ಕೆ ಇಳಿಸಿ, ಆ ಹಳೆಯ ಅಭ್ಯಾಸದಂತೆ ಕೆನ್ನೆಯೂರಿದಾಗ, ಸ್ಕೋಪ್ ಬದಲಿಸದೆಯೇ ನನ್ನ ಗುಂಡುಗಳ ಗುಂಪು ಚಿಕ್ಕದಾಯಿತು.