ಸ್ಪಷ್ಟನೆ: ಮೇನ್ ಸ್ವಿಚ್ ಆಫ್ ಮಾಡಿದರೂ ಕರೆಂಟ್ ಇರುತ್ತದೆ

‘ಮೇನ್ ಸ್ವಿಚ್ ಇರುವ ಬೋರ್ಡ್ ಬದಲಿಸಲು ಆ ಸ್ವಿಚ್ ಆಫ್ ಮಾಡಿದರೆ ಸಾಕು, ಲೈನ್ ಕಡಿತಕ್ಕೆ ವಿದ್ಯುತ್ ಕಂಪನಿಗೆ ಶುಲ್ಕ ಕಟ್ಟುವುದು ವ್ಯರ್ಥ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಮೇನ್ ಸ್ವಿಚ್ ತನ್ನ ಮುಂದಿನ ವೈರಿಂಗನ್ನಷ್ಟೇ ಕಡಿಯುತ್ತದೆ. ಮೀಟರಿನಿಂದ ಬರುವ ವೈರು ಕೂರುವ ಅದರ ಇನ್‌ಕಮಿಂಗ್ ಟರ್ಮಿನಲ್‌ನಲ್ಲಿ ಕರೆಂಟ್ ಹಾಗೇ ಇರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಜಾರಿ ಫೇಸ್, ನ್ಯೂಟ್ರಲ್ ಎರಡಕ್ಕೂ ತಾಗಿದರೆ ನಿಮ್ಮ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುವುದಿಲ್ಲ. ಅದು ಇರುವುದು ಆ ಟರ್ಮಿನಲ್ ದಾಟಿದ ಮೇಲೆ. ಅದಕ್ಕೂ ಹಿಂದೆ ಲೈನ್ ಬರುವ ಕಡೆ ಇರುವ ಕಂಪನಿಯ ಸರ್ವಿಸ್ ಫ್ಯೂಸ್ ಹೋಗುವಷ್ಟರಲ್ಲಿ ಕಿಡಿಯೆದ್ದು ಕೈ, ಮುಖ ಸುಟ್ಟಿರುತ್ತದೆ. ಸೋರುವ ಕರೆಂಟ್ ಕಂಡು ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿಯೂ ಈ ಭಾಗವನ್ನು ಕಾಯದು. ರಬ್ಬರ್ ಚಪ್ಪಲಿ ಹಾಕಿದರೆ ಶಾಕ್ ಹೊಡೆಯದು ಎಂಬ ಮಾತಂತೂ ಬಿಡಿ: ಎರಡು ಕೈ ಎರಡು ವೈರಿಗೆ ತಾಗಿದರೆ ಕರೆಂಟ್ ಕಾಲಿನ ದಾರಿ ಹಿಡಿಯುವುದೇ ಇಲ್ಲ.

ಸ್ವಿಚ್, ಸಾಕೆಟ್ ಬದಲಿಸಲು ಮೇನ್ ಆಫ್ ಸಾಕು, ಶುಲ್ಕ ಬೇಕಿಲ್ಲ. ಮೇನ್ ಸ್ವಿಚ್ಚನ್ನೇ ಅಥವಾ ಮೀಟರಿನಿಂದ ಬರುವ ವೈರನ್ನು ಬದಲಿಸುವುದಾದರೆ ಕಂಪನಿಯವರೇ ಬಂದು ಲೈನ್ ಕಡಿಯಬೇಕು. ಸೀಲ್ ಒಡೆದು ಫ್ಯೂಸ್ ಕೀಳಬೇಡಿ. ಎರಡೂ ಬಗೆಯ ಕೆಲಸದಲ್ಲಿ, ಇನ್ವರ್ಟರ್, ಸೋಲಾರ್ ಇದ್ದರೆ ಅವನ್ನೂ ಬೇರ್ಪಡಿಸಿ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಪರೀಕ್ಷಿಸಿ, ಕೆಲಸದ ಜಾಗದಲ್ಲಿ ಕರೆಂಟ್ ಇಲ್ಲವೆಂದು ನೋಡಿ, ಮೀಟರ್ ಕೆಟ್ಟಿಲ್ಲವೆಂದು ತಿಳಿಯಲು ಮತ್ತೆ ಕರೆಂಟ್ ಇರುವ ಕಡೆ ಪರೀಕ್ಷಿಸಿ.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.